ಓಡುತ್ತಾ ನೋಡೋಣ

ಮಗಳು ಕೊಡಿಸಿದ ಹೊಸ ಲ್ಯಾಪ್‌ಟಾಪಿಗೆ ಇರುವುದು ಎರಡೇ ತೂತು. ಎರಡೂ ಎಡಗಡೆ, ಅಕ್ಕಪಕ್ಕ. ಅದರಲ್ಲೊಂದನ್ನು ಚಾರ್ಜರ್ ಬಂದು ಹಿಡಿದುಕೊಂಡುಬಿಡುತ್ತದೆ. ಉಳಿದಿದ್ದು ಒಂದು. ನನ್ನ ಪೂರ್ವಾಶ್ರಮವೆಲ್ಲ ಆ ಒಂದು ತೂತಿನಲ್ಲಿ ಹಾದು ಒಳಗೆ ಹೋಗಬೇಕು ಅಂದರೆ ಹೇಗೆ ಹೇಳಿ. ಹಳೆಯ ಕಂಪ್ಯೂಟರಿಗೆ ಬೆನ್ನ ತುಂಬ ತೂತುಗಳಿದ್ದವು. ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು, ಮಾನಿಟರಿಗೆ ನೀಲಿ, ಪ್ರಿಂಟರಿಗೆ 25 ಕಿಂಡಿಗಳ ಉದ್ದನೆಯ ಗುಲಾಬಿ ಪಟ್ಟಿ. ಅಕ್ಷರ ಬಾರದವನೂ ಬಣ್ಣ ನೋಡಿ ಜೋಡಿಸಬಹುದಿತ್ತು. ಈಗಿನದಕ್ಕೆ ಬಣ್ಣವೂ ಇಲ್ಲ, ಬೆನ್ನೂ ಇಲ್ಲ.

"ಇದಕ್ಕೆ ಪೆನ್‌ಡ್ರೈವ್ ಎಲ್ಲಿ ಹಾಕೋದು?" ಎಂದು ಕೇಳಿದೆ.

"ಈಗ ಯಾರಪ್ಪಾ ಪೆನ್‌ಡ್ರೈವ್ ಹಾಕ್ತಾರೆ? ಎಲ್ಲಾ ಮೇಲಿರತ್ತೆ" ಎಂದು ಮಗಳು ಬೆರಳೆತ್ತಿ ತೋರಿಸಿದಳು. ಅವಳು ತೋರಿಸಿದ್ದು ಕ್ಲೌಡನ್ನು. ನನ್ನ ಕಣ್ಣು ಹೋಗಿದ್ದು ಅಡುಗೆಮನೆಯ ಅಟ್ಟಕ್ಕೆ. ನಮ್ಮಲ್ಲೂ ಎಲ್ಲಾ ಮೇಲೆಯೇ ಇರುವುದು. ಮುರಿದ ಮಿಕ್ಸಿ, ಬೊಂಬೆಹಬ್ಬದ ಮೆಟ್ಟಿಲು, ಯಾರದೋ ಮದುವೆಯಲ್ಲಿ ಬಂದ ಸ್ಟೀಲ್ ಕೊಳದಪ್ಪಲೆ, ಅದರ ಹಿಂದೆ ನನ್ನ ವಿಐಪಿ ಸೂಟ್‌ಕೇಸು.

ಸ್ಟೂಲು ಹಾಕಿಕೊಂಡು ಹತ್ತಿ ಅದನ್ನು ಇಳಿಸಿದೆ. ನುಸಿಗುಳಿಗೆಯ ವಾಸನೆಯ ನಡುವೆ ಫ್ಲಾಪಿಗಳು, ಸಿಡಿಗಳು, ಸೆಮಿನಾರುಗಳಲ್ಲಿ ಹಾರದ ಜೊತೆ ಕೊಟ್ಟ ಪೆನ್‌ಡ್ರೈವುಗಳು, ಒಂದು ದಪ್ಪನೆಯ ಹಾರ್ಡ್‌ಡಿಸ್ಕು, ಒಂದು ಸಣ್ಣದು, ಒಂದು ಕಟ್ಟು ಜಿಪ್ ಡಿಸ್ಕು. ಸಣ್ಣ ಹಾರ್ಡ್‌ಡಿಸ್ಕಿನ ನೆತ್ತಿಯ ಮೇಲೆ ಇನ್ನೂ ಕುಂಕುಮ ಇತ್ತು. ಯಾವುದೋ ಆಯುಧಪೂಜೆಯದು. ನಮ್ಮ ಅಂಗಡಿಯಲ್ಲಿ ಆ ದಿನ ಕಂಪ್ಯೂಟರಿಗೆ ಗಂಧ, ಪ್ರಿಂಟರಿಗೆ ಸೇವಂತಿಗೆ, ಯುಪಿಎಸ್‌ಗೆ ಬೂದುಗುಂಬಳ. ಫ್ಲಾಪಿ ಡ್ರೈವಿನ ಬಾಯೊಳಗೆ ಅಕ್ಷತೆ ಬಿದ್ದು, ಮರುದಿನ ಅದನ್ನು ಇಕ್ಕಳದಲ್ಲಿ ತೆಗೆಯುವುದು ಪೂಜೆಯ ಕೊನೆಯ ಅಂಗವಾಗಿತ್ತು.

ಅಂಗಡಿ ಇದ್ದದ್ದು ಶಿವಮೊಗ್ಗದಲ್ಲಿ, ತೊಂಬತ್ತರ ದಶಕದ ನಡುವಿನಿಂದ. ಡಿಟಿಪಿ ಸೆಂಟರ್ ಎಂದು ಬೋರ್ಡು. ಕರಪತ್ರ, ಬಿಲ್ ಪುಸ್ತಕ, ಪರೀಕ್ಷೆ ಹತ್ತಿರ ಬಂದಾಗ ಪ್ರಶ್ನೆಪತ್ರಿಕೆ, ಮಾಘ ವೈಶಾಖ ಬಂದರೆ ಲಗ್ನಪತ್ರಿಕೆಯೋ ಲಗ್ನಪತ್ರಿಕೆ. ಒಂದು ಬಣ್ಣದ ಕೆಲಸವಾದರೆ ಬಟರ್ ಪೇಪರಿನ ಮೇಲೆ ಪ್ರಿಂಟು ತೆಗೆದು ಪಕ್ಕದ ಪ್ರೆಸ್ಸಿಗೆ ಕೊಟ್ಟರೆ ಮುಗಿಯಿತು, ಅವರು ಪ್ಲೇಟ್ ಮಾಡಿಕೊಳ್ಳುತ್ತಿದ್ದರು. ಬಣ್ಣದ ಕೆಲಸ ಬಂತೋ, ಫಿಲ್ಮ್ ತೆಗೆಸಲು ಬೆಂಗಳೂರೇ ಗತಿ. ನಾಲ್ಕು ಬಣ್ಣಕ್ಕೆ ನಾಲ್ಕು ಫಿಲ್ಮು.

ಫ್ಲಾಪಿಯ ಹೊಟ್ಟೆ 1.44 ಎಂಬಿ. ಬಣ್ಣದ ಗಣಪತಿಯೊಬ್ಬನನ್ನು ಅದರೊಳಗೆ ಕೂರಿಸಲು ಆಗುತ್ತಿರಲಿಲ್ಲ. ಹಾಗಾಗಿ ಫೈಲನ್ನು ತುಂಡು ಮಾಡಿ, ಸೊಂಡಿಲು ಒಂದರಲ್ಲಿ, ಹೊಟ್ಟೆ ಎರಡರಲ್ಲಿ, ಇಲಿ ಆರನೆಯದರಲ್ಲಿ ಎಂಬಂತೆ ಹಂಚಿ, ಮೇಲೆ ನಂಬರು ಬರೆದು ರಬ್ಬರ್ ಬ್ಯಾಂಡ್ ಹಾಕಿ ರಾತ್ರಿ ಬಸ್ಸು ಹತ್ತುವುದು. ಬೆಳಗಿನ ಜಾವ ಮೆಜೆಸ್ಟಿಕ್. ಅಲ್ಲೇ ಒಂದು ಕಾಫಿ ಕುಡಿದು, ಬಾಗಿಲು ತೆಗೆಯುವ ಮೊದಲೇ ಔಟ್‌ಪುಟ್ ಸೆಂಟರಿನ ಮೆಟ್ಟಿಲ ಮೇಲೆ ಕೂತಿರುವುದು. ಹುಡುಗ ಬಂದು ಒಂದು ಹಾಕುತ್ತಾನೆ, ಓದುತ್ತದೆ. ಎರಡು, ಓದುತ್ತದೆ. ಮೂರನೆಯದಕ್ಕೆ ಡ್ರೈವು ಗರ್ ಗರ್ ಎಂದು ಒಂದೇ ಜಾಗದಲ್ಲಿ ಸುತ್ತಲು ಶುರುಮಾಡುತ್ತದೆ. ಹುಡುಗ ನನ್ನ ಕಡೆ ತಿರುಗುವುದಿಲ್ಲ. ಪರದೆಯನ್ನೇ ನೋಡುತ್ತ, "ಮೂರು ಓದ್ತಿಲ್ಲ ಸಾರ್" ಎನ್ನುತ್ತಾನೆ. ಮೂರು ಇಲ್ಲದೆ ನಾಲ್ಕು, ಐದು, ಆರು ಇದ್ದೂ ಪ್ರಯೋಜನವಿಲ್ಲ. ತಗಡಿನ ಮುಚ್ಚಳವನ್ನು ಹೆಬ್ಬೆರಳಲ್ಲಿ ಸರಿಸಿ ಒಳಗಿನ ಕಂದು ಹಾಳೆಯನ್ನು ನೋಡುವುದು, ಬಾಯಿಂದ ಉಫ್ ಎಂದು ಊದುವುದು, ಅಂಗೈಗೆ ನಾಲ್ಕು ಸಲ ತಟ್ಟಿ ಮತ್ತೆ ಹಾಕಿಸುವುದು. ಇವುಗಳಿಂದ ಫ್ಲಾಪಿ ಸರಿಹೋಗುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೂ ಒಮ್ಮೊಮ್ಮೆ ಓದಿಬಿಡುತ್ತಿತ್ತು. "ಓಡುತ್ತಾ ನೋಡೋಣ" ಎಂಬ ಮಾತು ನನ್ನ ನಾಲಿಗೆಗೆ ಹತ್ತಿದ್ದು ಆ ಮೆಟ್ಟಿಲುಗಳ ಮೇಲೆ.

ಮಲೆನಾಡಿನ ಮಳೆಗಾಲ ಬೇರೆ. ಜೂನಿನಲ್ಲಿ ಮುಚ್ಚಿಟ್ಟ ಫ್ಲಾಪಿಯನ್ನು ಸೆಪ್ಟೆಂಬರಿನಲ್ಲಿ ತೆಗೆದು ಮುಚ್ಚಳ ಸರಿಸಿದರೆ ಕಂದು ಹಾಳೆಯ ಮೇಲೆ ಬಿಳಿ ಬೂಷ್ಟು. ಅಂಥದ್ದನ್ನು ಹಾಗೇ ಡ್ರೈವಿಗೆ ಹಾಕಿದರೆ ಡ್ರೈವಿನ ಹೆಡ್ಡೂ ಹೊಲಸಾಗಿ ಮುಂದಿನ ಒಳ್ಳೆಯ ಫ್ಲಾಪಿಗೂ ಅಂಟುತ್ತದೆ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಸುತ್ತಲೂ ಒರೆಸಬೇಕು. ಈಗ ಸೂಟ್‌ಕೇಸಿನಲ್ಲಿದ್ದವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹಾಗೇ ನೋಡಿದೆ. ಮೂಲೆಯ ಸಣ್ಣ ಗುಂಡಿಯನ್ನೂ ಸರಿಸಿದೆ, ಕಿಂಡಿ ತೆರೆದಿದ್ದರೆ ಬರೆಯಲು ಬರುವುದಿಲ್ಲ, ಓದಲು ಮಾತ್ರ. ಕೈ ಮರೆತಿರಲಿಲ್ಲ.

ಇವನ್ನೆಲ್ಲ ಓದಿಸಬೇಕಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಕಿರಿದಾದ ಅಂಗಡಿಯಲ್ಲಿ ನಿಂತು, ಟೈಪ್-ಸಿಗೆ ಸಿಕ್ಕಿಸಿದರೆ ಹಳೆಯ ಯುಎಸ್‌ಬಿ ತೂತುಗಳು ನಾಲ್ಕು ಬಿಚ್ಚಿಕೊಳ್ಳುವ ಹಬ್ ಕೇಳಿದೆ. ಹುಡುಗ ಕೊಟ್ಟ. ಯುಎಸ್‌ಬಿ ಫ್ಲಾಪಿ ಡ್ರೈವ್ ಇದೆಯಾ ಎಂದೆ. ಅವನು ಒಳಗೆ ಕೂತಿದ್ದ ಹಿರಿಯರನ್ನು ಕರೆದ. ಅವರು ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿ, "ಯಾವ ಡಿಪಾರ್ಟ್‌ಮೆಂಟ್ ಸಾರ್ ತಮ್ಮದು?" ಎಂದರು. ಮನೆಗೆ ಎಂದೆ. ನಂಬಲಿಲ್ಲ. ಆದರೂ ಮೇಲಿನ ಗೂಡಿನಿಂದ ಸೆಕೆಂಡ್ ಹ್ಯಾಂಡ್ ಡ್ರೈವೊಂದನ್ನು ತೆಗೆಸಿ ಧೂಳು ಒರೆಸಿ ಕೊಟ್ಟರು. "ಗ್ಯಾರಂಟಿ ಇಲ್ಲ, ನಮ್ಮ ಮುಂದೇನೇ ನೋಡ್ಕೊಂಡು ಹೋಗಿ" ಎಂದು, ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ, ಡ್ರೈವರ್ ಗೀವರ್ ಏನೂ ಕೇಳದೆ ಪರದೆಯ ಮೇಲೆ 'ಎ' ಎಂಬ ಅಕ್ಷರ ಮೂಡಿದ್ದನ್ನು ತೋರಿಸಿದರು. ಎ ಮತ್ತು ಬಿ ಫ್ಲಾಪಿಗಳಿಗೆಂದು ಮೀಸಲಾದ ಅಕ್ಷರಗಳು, ಅದಕ್ಕೇ ಎಲ್ಲರ ಹಾರ್ಡ್‌ಡಿಸ್ಕೂ ಇವತ್ತಿಗೂ ಸಿ ಇಂದ ಶುರುವಾಗುವುದು. ಮನೆಯ ಯಜಮಾನರು ತೀರಿಕೊಂಡು ವರ್ಷಗಳಾದರೂ ಅವರ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲವಲ್ಲ, ಅದೇ ಮರ್ಯಾದೆ.

ಫ್ಲಾಪಿಯನ್ನು ನೆಚ್ಚಿಕೊಂಡವನು ನಾನೊಬ್ಬನೇ ಅಲ್ಲ ಎಂಬುದು ಆಗಾಗ ಪತ್ರಿಕೆ ಓದಿ ನನಗೆ ಸಿಗುವ ಸಮಾಧಾನ. ಸೋನಿ ಕಂಪನಿ 2011ರಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಜಪಾನ್ ಸರ್ಕಾರ ಮಾತ್ರ ಅರ್ಜಿಗಳನ್ನು ಫ್ಲಾಪಿಯಲ್ಲೇ ತನ್ನಿ ಎನ್ನುವ ನಿಯಮಗಳನ್ನು ಇಟ್ಟುಕೊಂಡೇ ಇತ್ತು. ಸಾವಿರಕ್ಕೂ ಹೆಚ್ಚು ಅಂಥ ನಿಯಮಗಳನ್ನು ತೆಗೆದುಹಾಕಿ, ಫ್ಲಾಪಿಯ ವಿರುದ್ಧದ ಯುದ್ಧ ಗೆದ್ದೆವು ಎಂದು ಅಲ್ಲಿನ ಡಿಜಿಟಲ್ ಮಂತ್ರಿ ತಾರೋ ಕೋನೋ ಸಾರಿದ್ದು 2024ರಲ್ಲಿ. ಬುಲೆಟ್ ರೈಲಿನ ದೇಶ! ಈ ಸುದ್ದಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹೆಂಡತಿ, "ಅವರು ಗೆದ್ದರಲ್ಲ, ನಾವು ಯಾವಾಗ ಗೆಲ್ಲೋದು?" ಎಂದು ಅಟ್ಟದ ಕಡೆ ನೋಡಿದಳು.

ಹಬ್ಬಿಗೆ ಮೊದಲು ಸಿಕ್ಕಿಸಿದ್ದು ಪೆನ್‌ಡ್ರೈವುಗಳನ್ನು. ಹೋಗಲಿಲ್ಲ. ತಿರುಗಿಸಿದೆ, ಹೋಗಲಿಲ್ಲ. ಮತ್ತೆ ತಿರುಗಿಸಿದೆ, ಹೋಯಿತು. ಎರಡೇ ಮಗ್ಗುಲಿರುವ ವಸ್ತು ಮೂರನೆಯ ಸಲಕ್ಕೆ ಹೇಗೆ ಹೊಂದುತ್ತದೆ ಎಂಬುದು ಗಣಿತಕ್ಕೆ ಮೀರಿದ ಮಾತು. ಈ ಯುಎಸ್‌ಬಿಯ ಹಿಂದಿರುವ ತಲೆ ನಮ್ಮ ವಡೋದರದ ಅಜಯ್ ಭಟ್ ಅವರದು. ಇಂಟೆಲ್‌ನಲ್ಲಿದ್ದರು. ಮನೆಯಲ್ಲಿ ಪ್ರಿಂಟರ್ ಜೋಡಿಸಲು ಹೆಂಡತಿ ಪಡುತ್ತಿದ್ದ ಪಾಡು ನೋಡಿ, ಎಲ್ಲಕ್ಕೂ ಒಂದೇ ತೂತು ಯಾಕಿರಬಾರದು ಅನ್ನಿಸಿತಂತೆ. 1996ರಲ್ಲಿ ಅದು ಬಂತು. ಎರಡೂ ಕಡೆಯಿಂದ ಹೋಗುವಂತೆ ಮಾಡಿದ್ದರೆ ತಂತಿಗಳೂ ಹೆಚ್ಚು, ಖರ್ಚೂ ಹೆಚ್ಚು ಆಗುತ್ತಿತ್ತು, ಅದಕ್ಕೇ ಮಾಡಲಿಲ್ಲ ಎಂದು ಅವರೇ ಮುಂದೆ ಹೇಳಿದ್ದಾರೆ. ಪರವಾಗಿಲ್ಲ ಸ್ವಾಮಿ, ಲೋಕಕ್ಕೆ ಅಷ್ಟು ತಾಳ್ಮೆ ಕಲಿಸಿದಿರಿ. ಹೇಗೆ ತಿರುಗಿಸಿದರೂ ಹೋಗುವ ಟೈಪ್-ಸಿ ಬರಲು 2014ರವರೆಗೆ ಕಾಯಬೇಕಾಯಿತು. ಬಂದಿದ್ದೇ, ನಾವು ತಿರುಗಿಸಿ ತಿರುಗಿಸಿ ಪಳಗಿಸಿಕೊಂಡಿದ್ದ ತೂತುಗಳನ್ನೆಲ್ಲ ಒಂದೊಂದಾಗಿ ಮುಚ್ಚಿಸಿತು.

ಪೆನ್‌ಡ್ರೈವುಗಳಲ್ಲಿ ಹೆಚ್ಚಿನವು ಬದುಕಿದ್ದವು. ಒಂದರಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕೂತಿದ್ದವು. ಝೆರಾಕ್ಸ್ ಅಂಗಡಿಯಿಂದ ಹತ್ತಿಸಿಕೊಂಡು ಬಂದ ಹಳೆಯ ರೋಗ. ಆ ಕಾಲದ ವೈರಸ್ಸುಗಳು 'ನ್ಯೂ ಫೋಲ್ಡರ್' ಎಂದು ಹೆಸರಿಟ್ಟುಕೊಂಡು ಏನೂ ತಿಳಿಯದವರ ಮುಖ ಮಾಡಿ ಕೂತಿರುತ್ತಿದ್ದವು. ಹೊಸ ಲ್ಯಾಪ್‌ಟಾಪಿನ ಕಾವಲುಗಾರ ಕಂಡ ಕೂಡಲೇ ಹಿಡಿದು ಹೊರಗಟ್ಟಿದ. ನನಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು, ಎಷ್ಟಾದರೂ ಹಳೆಯ ಪರಿಚಯ.

ಕುಂಕುಮದ ಹಾರ್ಡ್‌ಡಿಸ್ಕು ಮಾತ್ರ ಸತಾಯಿಸಿತು. ಸಿಕ್ಕಿಸಿದರೆ ದೀಪ ಹತ್ತುತ್ತದೆ, ಒಳಗೆ ಟಿಕ್ ಎನ್ನುತ್ತದೆ, ನಿಲ್ಲುತ್ತದೆ. ಮತ್ತೆ ಟಿಕ್. ಕಂಪ್ಯೂಟರು ತನಗೇನೂ ಕಾಣಿಸುತ್ತಿಲ್ಲ ಎನ್ನುತ್ತದೆ. ಇಂಥ ಕಡೆ ಎದೆ ಒಡೆದುಕೊಳ್ಳಬಾರದು. ಹಳೆಯ ಡಿಸ್ಕುಗಳಿಗೆ ತಟ್ಟೆ ತಿರುಗಲು ಶುರುವಾಗುವ ಆ ಗಳಿಗೆಯಲ್ಲಿ ಕರೆಂಟು ಜಾಸ್ತಿ ಬೇಕು. ಹಳೆಯ ಯುಎಸ್‌ಬಿ ತೂತು ಕೊಡುವುದು 500 ಮಿಲಿಆಂಪಿಯರ್, ಒಳಗೆ ನೀಲಿ ಇರುವ ಹೊಸದು 900. ಒಂದೇ ಹಬ್ಬಿನಲ್ಲಿ ನಾಲ್ಕು ಜನ ಹಂಚಿಕೊಂಡರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಈ ಡಿಸ್ಕಿನ ಜೊತೆ ಎರಡು ಬಾಲದ ಕೇಬಲ್ ಕೊಟ್ಟಿದ್ದರು, ಒಂದು ಬಾಲ ಮಾತಿಗೆ, ಇನ್ನೊಂದು ಬರೀ ಕರೆಂಟಿಗೆ. ಸೂಟ್‌ಕೇಸಿನ ತಳದಲ್ಲಿ ಅದು ಸಿಕ್ಕಿತು. ಎರಡನೆಯ ಬಾಲವನ್ನು ಮೊಬೈಲಿನ ಚಾರ್ಜರಿಗೆ ಸಿಕ್ಕಿಸಿ, ಡಿಸ್ಕನ್ನು ಅಂಗೈ ಮೇಲೆ ಇಟ್ಟುಕೊಂಡೆ. ಟಿಕ್. ಆಮೇಲೆ ಅಂಗೈಯೊಳಗೆ ಒಂದು ಸಣ್ಣ ಅದುರು ಹತ್ತಿ, ಏರಿ, ಒಂದೇ ಸಮನಾಗಿ ನಿಂತಿತು. ಓಡುತ್ತಿದೆ! ಹೆಂಡತಿಯನ್ನು ಕೂಗಿ ಕರೆದು ಅವಳ ಕೈಯಲ್ಲೂ ಇಟ್ಟೆ. "ಹೌದು ರೀ, ಅದುರ್ತಿದೆ" ಎಂದಳು. "ಒಳಗೇನಿದೆ?"

ನಾನು ಅದನ್ನು ನೋಡಿರಲಿಲ್ಲ.

ಇದನ್ನು ಸ್ವಲ್ಪ ವಿವರಿಸಬೇಕು. ನನಗೆ ಬೇಕಾದದ್ದು ಡ್ರೈವು ಓಡುತ್ತದೆಯೇ ಎಂಬುದು. ಓಡಿತೋ, ಫೋಲ್ಡರುಗಳ ಹೆಸರನ್ನು ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ಒಂದು ಚೀಟಿಯ ಮೇಲೆ 'ಸರಿ ಇದೆ' ಎಂದು ಬರೆದು ಅಂಟಿಸಿ, ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತೇನೆ. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಇದೇ ನಡೆದಿದೆ. ಸೂಟ್‌ಕೇಸ್ ಇಳಿಯುತ್ತದೆ, ಎಲ್ಲವನ್ನೂ ಮಾತಾಡಿಸಿದ್ದಾಗುತ್ತದೆ, ಮೇಲಕ್ಕೆ ಹೋಗುತ್ತದೆ. ಒಳಗಿನದನ್ನು ಓದಲು ನಿವೃತ್ತಿಯ ನಂತರ ಪುರಸೊತ್ತಾಗುತ್ತದೆ ಎಂದುಕೊಂಡಿದ್ದೆ. ಅಂಗಡಿ ಮುಚ್ಚಿ ಮಗಳ ಜೊತೆ ಬೆಂಗಳೂರಿಗೆ ಬಂದಮೇಲೆ ಪುರಸೊತ್ತಿಗೇನೂ ಕಡಿಮೆಯಿಲ್ಲ.

ಹೆಂಡತಿ ಎದುರಿಗೇ ಕೂತಿದ್ದರಿಂದ ಈ ಸಲ ಒಂದನ್ನು ತೆರೆಯಲೇಬೇಕಾಯಿತು. ಫ್ಲಾಪಿಯಿಂದ ಹಾರ್ಡ್‌ಡಿಸ್ಕಿಗೆ ಹತ್ತಿಸಿದ್ದ ಹಳೆಯ ಫೈಲುಗಳು. ಡಾಸ್ ಕಾಲದ ಅಭ್ಯಾಸದಲ್ಲಿ ಹೆಸರುಗಳೆಲ್ಲ ಎಂಟು ಅಕ್ಷರದೊಳಗೆ ಕುಗ್ಗಿ ಕೂತಿದ್ದವು. ತೀರ್ಥಹಳ್ಳಿಯ ಮದುವೆಗೆ 'ಟಿಎಚ್ಎಲ್ಎಂಆರ್‌ಜಿ' ಎಂದು ಇಟ್ಟಿದ್ದೆ. ಪೇಜ್‌ಮೇಕರ್ ಫೈಲನ್ನು ಹೊಸ ಲ್ಯಾಪ್‌ಟಾಪು ಗುರುತೇ ಹಿಡಿಯಲಿಲ್ಲ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದಿದ್ದೇ 2001ರಲ್ಲಿ. ಪ್ರೂಫ್ ನೋಡಲು ಬೇರೆಯಾಗಿ ಇಟ್ಟಿದ್ದ ಬರಿ ಪಠ್ಯದ ಫೈಲು ತೆರೆದುಕೊಂಡಿತು. ತೆರೆದರೆ ಪುಟ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಕೊಂಬು, ಟೋಪಿ. ಸ್ವೀಡನ್ನಿನ ಬೀಗರು ಮಾಡಿಸಿದ ಲಗ್ನಪತ್ರಿಕೆ ಎನ್ನಬೇಕು.

ಯುನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಇದ್ದದ್ದೇ ಹೀಗೆ. ಒಳಗೆ ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡ ಫಾಂಟಿನ ಅಂಗಿ. ನುಡಿ, ಬರಹ ತಂತ್ರಾಂಶಗಳದು ಒಂದು ಅಂಗಿ, ಶ್ರೀಲಿಪಿಯದು ಇನ್ನೊಂದು, ಒಬ್ಬರದು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಡಾಂಗಲ್ ಎಂಬ ಗುಬ್ಬಟೆಯನ್ನು ಪ್ರಿಂಟರಿನ ತೂತಿಗೆ ಚುಚ್ಚದಿದ್ದರೆ ತೆರೆಯದ ತಂತ್ರಾಂಶಗಳೂ ಇದ್ದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಮಾತ್ರ ಅಂದಿನಿಂದ ಇಂದಿನವರೆಗೆ ನನ್ನ ಬೆರಳುಗಳನ್ನು ಕಾಪಾಡಿಕೊಂಡು ಬಂದಿದೆ. ಕಂಪ್ಯೂಟರ್ ಎಷ್ಟು ಬದಲಾದರೂ ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ಪರಿವರ್ತಕದಲ್ಲಿ ಹಾಕಿದೆ. ಅರ್ಕಾವತ್ತುಗಳು ಅಲ್ಲಲ್ಲಿ ಪಕ್ಕದ ಅಕ್ಷರದ ತಲೆಯೇರಿದ್ದನ್ನು ಬಿಟ್ಟರೆ ಕನ್ನಡ ಬಂತು. ಶ್ರೀ ಗಣೇಶಾಯ ನಮಃ. ಚಿರಂಜೀವಿ, ಸೌಭಾಗ್ಯವತಿ, ವೃಷಭ ಲಗ್ನ, ಆಶೀರ್ವಾದವೇ ಉಡುಗೊರೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಬ್ಬ ಸೋದರಮಾವನ ಹೆಸರು ಮೇಲಕ್ಕೂ ಕೆಳಕ್ಕೂ ಓಡಾಡಿದ ಮೂರು ಕರಡುಗಳಿದ್ದವು. ಮೊದಲ ಕರಡಿನಲ್ಲಿ ಆತ ಕೊನೆಯಲ್ಲಿ, ಎರಡನೆಯದರಲ್ಲಿ ಇಲ್ಲವೇ ಇಲ್ಲ, ಮೂರನೆಯದರಲ್ಲಿ ಎಲ್ಲರಿಗಿಂತ ಮೇಲೆ, ದಪ್ಪಕ್ಷರದಲ್ಲಿ. ನಡುವೆ ಆ ಮನೆಯಲ್ಲಿ ಏನೇನು ನಡೆದಿರಬೇಡ! ಅಚ್ಚಾದ ಪತ್ರಿಕೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಹೆಂಡತಿ ಮೂರನ್ನೂ ಎರಡೆರಡು ಸಲ ಓದಿಸಿದಳು. "ಇನ್ನೊಂದು ತೆಗೀರಿ" ಎಂದಳು. ಗೌಡರ ಮನೆಯದು, ಶೆಟ್ಟರ ಮನೆಯದು, ಶಾಸ್ತ್ರಿಗಳ ಮೊಮ್ಮಗಳದು. ಕುಕ್ಕರು ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಕೊನೆಗೆ ಡಿಸ್ಕನ್ನು ತೆಗೆಯಲು ಹೋದರೆ, ಇದು ಇನ್ನೂ ಬಳಕೆಯಲ್ಲಿದೆ, ಈಗ ತೆಗೆಯುವಂತಿಲ್ಲ ಎಂದಿತು. ಎಲ್ಲ ಮುಚ್ಚಿದರೂ ಅದೇ ಮಾತು. ಯಾರು ಬಳಸುತ್ತಿದ್ದಾರೆ ಎಂದು ಮಾತ್ರ ಹೇಳುವುದಿಲ್ಲ.

ಈಗ ಅಪಾರ್ಟ್‌ಮೆಂಟಿನಲ್ಲಿ ನನಗೊಂದು ಹೆಸರಾಗಿದೆ. ಲಿಫ್ಟಿನಲ್ಲಿ ಒಮ್ಮೆ ಯಾರಿಗೋ ಹೇಳಿದ್ದು, ಕೆಳಗಿನವರ ಕಿವಿಗೆ ಬಿತ್ತು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಮಗನ ಕಾನ್ವೊಕೇಶನ್ನಿನ ಸಿಡಿ ತಂದರು. ಎರಡನೇ ಮಹಡಿಯವರು, ತೆರೆದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುವ ಪೆನ್‌ಡ್ರೈವ್ ತಂದರು. ಎಷ್ಟು ವಿನಯದಿಂದ ಕೇಳುತ್ತದೆ ಅಂದರೆ ಬೇಡ ಎನ್ನಲು ಸಂಕೋಚವಾಗಬೇಕು. ಬೇಡ ಎನ್ನಬೇಕು, ಹೂಂ ಅಂದರೆ ಒಳಗಿನದು ಹೋಯಿತು. ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ ಎಂದು ಅವರನ್ನು ಕಳಿಸಿದೆ. ಯಾರು ಬಂದರೂ ಸಿಕ್ಕಿಸಿ ತೋರಿಸಿದೊಡನೆ, "ಓ, ಇದೆಯಲ್ಲ!" ಎಂದು ಸಂತೋಷಪಟ್ಟು, ಕಿಸೆಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಪೂರ್ತಿ ಕೂತು ನೋಡಿದವರನ್ನು ನಾನು ಕಾಣೆ. ನನ್ನ ಜಾತಿಯವರು ಇಷ್ಟು ಜನ ಇದ್ದಾರೆಂದು ತಿಳಿದಿರಲಿಲ್ಲ.

ಉಳಿದಿರುವುದು ಜಿಪ್ ಡಿಸ್ಕುಗಳು. ಫ್ಲಾಪಿಗಿಂತ ತುಸು ದಪ್ಪ, ಒಳಗೆ 100 ಎಂಬಿ, ಅಂದರೆ ಸುಮಾರು 70 ಫ್ಲಾಪಿ ಒಂದರಲ್ಲೇ. ಐಒಮೆಗಾದ ಈ ಡ್ರೈವು ನಮ್ಮ ಕೈಗೆ ಬಂದ ಮೇಲೆ ಗಣಪತಿ ತುಂಡಾಗದೆ ಇಡಿಯಾಗಿ ಬೆಂಗಳೂರಿಗೆ ಪಯಣಿಸತೊಡಗಿದ. ಡಿಸ್ಕು ನನ್ನ ಹತ್ತಿರ, ಡ್ರೈವು ಯಾರ ಹತ್ತಿರ? ಶಿವಮೊಗ್ಗದಲ್ಲಿ ಎದುರುಗಡೆ ಅಂಗಡಿ ಇಟ್ಟಿದ್ದ ಗೆಳೆಯನಿಗೆ ಫೋನು ಮಾಡಿದೆ. ಹಿಂದೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಚೆನ್ನಾಗಿಯೇ ಇದ್ದೆವು.

"ಇದೆ ಮಾರಾಯ, ಎಲ್ಲಿ ಹೋಗತ್ತೆ? ಅಟ್ಟದ ಮೇಲಿದೆ" ಎಂದ. "ಆದ್ರೆ ಅದು ಪ್ರಿಂಟರ್ ಪೋರ್ಟಿಂದು. ನಿನ್ನ ಹೊಸ ಡಬ್ಬಿಗೆ ಹತ್ತಲ್ಲ."

ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಕೇಬಲ್ ಸಿಗುತ್ತದಲ್ಲ ಎಂದೆ.

"ಅದು ಪ್ರಿಂಟರಿಗೆ ಮಾತ್ರ ಕಣೋ, ಜಿಪ್ಪಿಗೆ ನಡೆಯಲ್ಲ. ಹಳೇ ಕಂಪ್ಯೂಟರೇ ಬೇಕು. ಇನ್ನೊಂದು, ಹಾಕಿದ ತಕ್ಷಣ ಟಿಕ್ ಟಿಕ್ ಟಿಕ್ ಅಂತಂದ್ರೆ ಕೂಡ್ಲೇ ತೆಗಿಬೇಕು. ಕೆಟ್ಟ ಡ್ರೈವು ಡಿಸ್ಕನ್ನೂ ತಿನ್ನತ್ತೆ. ಮೊದ್ಲು ನಿಂದೇ ಒಂದು ಡಿಸ್ಕು ಹಾಕಿ ನೋಡೋಣ."

"ನಿಂದು ಹಾಕೋಣ."

ಅವನ ಹತ್ತಿರವೂ ಒಂದು ಕಟ್ಟು ಇದೆಯಂತೆ. ಒಳಗೇನಿದೆ ಎಂದು ಅವನಿಗೂ ನೆನಪಿಲ್ಲ. ಅವನ ತಂಗಿಯ ಗಂಡ ಭದ್ರಾವತಿಯಲ್ಲಿ ಹಳೆಯ ಪೆಂಟಿಯಮ್ ಒಂದನ್ನು ಇನ್ನೂ ಮಾರಿಲ್ಲ, ಅದನ್ನು ತರಿಸುವುದು ಅವನ ಹೊಣೆ. ಡ್ರೈವಿನ ಐದು ವೋಲ್ಟಿನ ಅಡಾಪ್ಟರ್ ಕಳೆದುಹೋಗಿದೆ, ಅದು ನನ್ನ ಹೊಣೆ. ಒಂದು ಆಂಪಿಯರಿಗೆ ಕಡಿಮೆ ತರಬೇಡ ಎಂದು ಎರಡು ಸಲ ಹೇಳಿದ್ದಾನೆ. ಎಸ್.ಪಿ. ರೋಡಿಗೆ ನಾಳೆ ಹೋಗುವಂತಿಲ್ಲ, ಭಾನುವಾರ. ಸೋಮವಾರ ಬೆಳಿಗ್ಗೆಯೇ ಹೋಗಿ ತರಬೇಕು. ಜೊತೆಗೆ ತಾನೂ ಬರುತ್ತೇನೆಂದು ಹೆಂಡತಿ ಹೇಳುತ್ತಿದ್ದಾಳೆ, ಆ ಸೋದರಮಾವನ ಕಡೆಯವರ ಇನ್ನೊಂದು ಮದುವೆ ಜಿಪ್ಪಿನಲ್ಲಿ ಇರಬಹುದು ಎಂದು ಅವಳ ಗುಮಾನಿ.